ಖಾಲಿ ಡಬ್ಬಿ ಕಳಿಸಬೇಡ

ಹಲವಾಗಲು
11 ಜುಲೈ 2024, ಗುರುವಾರ

ಸಂಗೀ,

ಕ್ಷೇಮ ಎಂದು ಮೊದಲ ಸಾಲು ಬರೆಯುವುದು ಪದ್ಧತಿಯಂತೆ. ಕ್ಷೇಮವಾಗಿದ್ದವರು ಕಾಗದ ಬರೆಯುವುದಿಲ್ಲ, ಹೊದ್ದು ಮಲಗುತ್ತಾರೆ. ಅದಕ್ಕೆ ಆ ಸಾಲು ಬಿಟ್ಟಿದ್ದೇನೆ.

ಭಾನುವಾರ ಫೋನಿನಲ್ಲಿ ಏನು ಕೇಳಿದರೂ "ಹ್ಞೂಂ, ಆರಾಮ ಅದೀನಿ" ಎಂದೆ. ನಿಮ್ಮಪ್ಪ ಫೋನನ್ನು ದೊಡ್ಡ ದನಿಗೆ ಹಾಕಿ ಕಟ್ಟೆಯ ಮೇಲಿಟ್ಟಿದ್ದ. ಆಚೆಮನೆಯ ಗಾದೆಮ್ಮನೂ ಕಸ ಗುಡಿಸುವುದು ಬಿಟ್ಟು ಕೇಳುತ್ತಿದ್ದಳು. ಹಾಗಿರುವಾಗ ಹೊಟ್ಟೆಯೊಳಗಿನ ಮಾತು ಯಾರು ತಾನೇ ಹೇಳುತ್ತಾರೆ? ನಿನ್ನ ದನಿ ಮಾತ್ರ ನೆನೆದ ಹಪ್ಪಳದ ಹಾಗಿತ್ತು. ಫೋನ್ ಇಟ್ಟ ಮೇಲೆ ನಿಮ್ಮಪ್ಪ, "ಅಕಿಗೆ ಕಾಲೇಜು ಒಗ್ಗವಲ್ದು ಅಂದ್ರ ಕರ್ಕೊಂಡು ಬಂದ್ಬಿಡ್ತೀನಿ. ಮನ್ಯಾಗ ಕೆಲಸಕ್ಕೇನು ಬರ ಐತೇನು?" ಎಂದ. ನಾನು ತಂಬಿಗೆ ಕುಕ್ಕಿದೆ, ಅವನು ಎದ್ದು ಹೋದ. ಆದರೆ ಆ ಮಾತಿನ ಮೇಲೆ ಅವನು ಕಾವಿಗೆ ಕೂತ ಕೋಳಿಯಂತೆ ಕೂತಿದ್ದಾನೆ. ಎಂದೋ ಒಂದು ದಿನ ಮರಿ ಮಾಡುತ್ತಾನೆ.

ಅದಕ್ಕೇ ಈ ಏರ್ಪಾಡು. ಸೋಮವಾರ, ಗುರುವಾರ ಮುಂಜಾನೆಯ ಬಸ್ಸಿಗೆ ಬುತ್ತಿ ಡಬ್ಬಿ ಬರುತ್ತದೆ. ಕಂಡಕ್ಟರ್ ಖಲಂದರ ತನ್ನ ಸೀಟಿನ ಕೆಳಗೇ ಇಡುತ್ತಾನೆ. ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಇಸಿದುಕೊ. ಸಂಜೆ ಅದೇ ಬಸ್ಸಿಗೆ ಡಬ್ಬಿ ವಾಪಸ್ ಕೊಡು. ಖಾಲಿ ಮಾತ್ರ ಕೊಡಬೇಡ. ತಿನ್ನುವುದು ತುಂಬಿಕೊಂಡು ಬಂದ ಪಾತ್ರೆ ಬರಿದಾಗಿ ಹಿಂದಿರುಗಬಾರದು, ಇದನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀ. ಹಾಸ್ಟೆಲ್ಲಿನಲ್ಲಿ ನಿನ್ನ ಹತ್ತಿರ ಬೆಲ್ಲದ ಚೂರೂ ಇರುವುದಿಲ್ಲ. ಅದರ ಬದಲು ಕಾಗದ ಹಾಕು. ಅಲ್ಲಿ ಏನೇನು ಕಾಡುತ್ತದೋ ಅದನ್ನೆಲ್ಲ ಬರೆ. ಬಸ್ಸಿನಿಂದ ಡಬ್ಬಿ ತರುವವಳೂ ನಾನೇ, ತೊಳೆಯುವವಳೂ ನಾನೇ. ನಿಮ್ಮಪ್ಪನ ಕಣ್ಣಿಗೆ ಬೀಳುವುದಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಾಗದದಲ್ಲಿ ತಪ್ಪು ಹುಡುಕಿದರೆ ಚಟ್ನಿಗೆ ಉಪ್ಪು ಹಾಕುವುದಿಲ್ಲ.

ನಿಮ್ಮಜ್ಜಿ
ಮರುಳಸಿದ್ದಮ್ಮ

*

ಹರಪನಹಳ್ಳಿ
15 ಜುಲೈ 2024

ಅಜ್ಜಿ,

ಬರೆ ಎಂದೆಯಲ್ಲ, ಬರೆಯುತ್ತೇನೆ. ದೊಡ್ಡದೇನೂ ಇಲ್ಲ. ಬೇಸರ ಅದಕ್ಕೇ. ದೊಡ್ಡದಿದ್ದರೆ ಜೋರಾಗಿ ಅಳಬಹುದಿತ್ತು.

ದಿನಾ ತಲೆನೋವು. ಜಡೆ ಸಂಜೆಯವರೆಗೂ ಒಣಗುವುದಿಲ್ಲ, ಹಸಿ ಗೋಣಿಚೀಲದ ವಾಸನೆ. ನಾನು ಹೋಗುವಷ್ಟರಲ್ಲಿ ಉಪ್ಪಿಟ್ಟಿನ ಪಾತ್ರೆಯ ತಳ ಕೆರೆಯುತ್ತಿರುತ್ತಾರೆ. ಮೊದಲ ಪೀರಿಯಡ್ಡಿಗೆ ತಡ. ತಡವಾದವರಿಗೆ ಕಡೆಯ ಬೆಂಚು. ಆ ಬೆಂಚಿನಲ್ಲಿ ಒಂದು ಮೊಳೆ ಎದ್ದಿದೆ, ಯೂನಿಫಾರ್ಮ್ ಒಂದೇ ಕಡೆ ಮತ್ತೆ ಮತ್ತೆ ಹರಿಯುತ್ತದೆ. ಅಲ್ಲಿಂದ ಬೋರ್ಡಿನ ಕೆಳಗಿನ ಸಾಲು ಮುಂದಿನವರ ತಲೆಗೆ ಮರೆಯಾಗುತ್ತದೆ, ಅರ್ಧ ಲೆಕ್ಕ ಬರೆದುಕೊಂಡು ಬರುತ್ತೇನೆ. ಫಿಸಿಕ್ಸಿನಲ್ಲಿ ನಿದ್ದೆ ಬರುತ್ತದೆ. ಮೊನ್ನೆ ಸರ್ ಸೀಮೆಸುಣ್ಣದ ತುಂಡು ಎಸೆದು ಎಬ್ಬಿಸಿದರು. ರೂಮಿನ ಮುಸ್ಕಾನ್ ಐದಕ್ಕೆ ಅಲಾರಂ ಇಡುತ್ತಾಳೆ, ಏಳುವವಳು ನಾನು, ಅವಳಲ್ಲ.

ಯಾರಿಗಾದರೂ ಹೇಳಿದರೆ "ಇಷ್ಟಕ್ಕೇನಾ?" ಎನ್ನುತ್ತಾರೆ. ಹೌದು, ಇಷ್ಟಕ್ಕೇ. ಒಂದೊಂದು ದಿನ ಟ್ರಂಕ್ ಎತ್ತಿಕೊಂಡು ಬಸ್ ಹತ್ತಿಬಿಡೋಣ ಎನ್ನಿಸುತ್ತದೆ.

ಸಂಗೀತಾ

*

ಹಲವಾಗಲು
18 ಜುಲೈ 2024

ಸಂಗೀ,

ಓದಿದೆ. ಡಬ್ಬಿ ತೊಳೆಯುವ ಮೊದಲು ಓದಿದೆ, ತೊಳೆದ ಮೇಲೆ ಇನ್ನೊಮ್ಮೆ ಓದಿದೆ.

ತಲೆನೋವು ಎಣ್ಣೆ ಇಲ್ಲದ್ದಕ್ಕೆ. ನೆತ್ತಿಗೆ ಎಣ್ಣೆ ಇಡದವರ ತಲೆ ಬಿಸಿಲಿಗಿಟ್ಟ ಮಡಕೆ. ಸೀಸೆಯಲ್ಲಿ ಕಳಿಸಿದ್ದೇನೆ, ಮುಚ್ಚಳಕ್ಕೆ ಬಟ್ಟೆ ಬಿಗಿದಿದ್ದೇನೆ, ಓರೆ ಮಾಡಬೇಡ. ನಿದ್ದೆ ಬರುವುದು ರಾತ್ರಿ ನೀವು ಹುಡುಗಿಯರು ಗುಸುಗುಸು ಮಾಡುವುದಕ್ಕೆ. ಒಂದೇ ಕಡೆ ಬಟ್ಟೆ ಹರಿಯುವುದು ದೃಷ್ಟಿ, ಅದರಲ್ಲಿ ಅನುಮಾನವೇ ಇಲ್ಲ. ಉಪ್ಪು, ಒಣಮೆಣಸಿನಕಾಯಿ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ. ಆ ಮುಸ್ಕಾನ್ ಕೈಯಲ್ಲೇ ಇಳಿಸಿಕೊ. ದೃಷ್ಟಿ ಬಿಡುವಾಗ ಯಾರ ಕೈ ಎಂದು ಕೇಳುವುದಿಲ್ಲ.

ಇನ್ನೊಂದು ಮಾತು. ತಡವಾಗಿ ಹೋಗುವುದು, ಕಡೆಯ ಬೆಂಚು, ಮನಸ್ಸು ಒಂದೆಡೆ ನಿಲ್ಲದಿರುವುದು. ಯಾವನಾದರೂ ಹುಡುಗ ಹಿಂದೆಮುಂದೆ ಸುಳಿಯುತ್ತಿದ್ದಾನೇನು? ಇದ್ದರೆ ನನಗೆ ಬರೆ, ನಿಮ್ಮವ್ವನಿಗೆ ಬೇಡ. ಅವಳು ಅಳುತ್ತಾಳೆ. ನಾನು ಬಸ್ ಹತ್ತುತ್ತೇನೆ.

ಅಜ್ಜಿ

*

ಹರಪನಹಳ್ಳಿ
22 ಜುಲೈ 2024

ಅಜ್ಜಿ,

ಮುಸ್ಕಾನ್ ನಿವಾಳಿಸಿದಳು. "ನಮ್ಮ ಮನ್ಯಾಗೂ ಹಿಂಗ ಮಾಡ್ತಾರ ತಗೋ" ಎಂದು ಮೆಣಸಿನಕಾಯಿಯನ್ನು ಮೇಣದಬತ್ತಿಗೆ ಹಿಡಿದು ಸುಟ್ಟಳು. ಮಹಡಿ ಪೂರ್ತಿ ಕೆಮ್ಮಿತು. ವಾರ್ಡನ್ ಬಂದು ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿದರು. ಮರುದಿನ ಅದೇ ಮೊಳೆಗೆ ಅದೇ ಬಟ್ಟೆ ಹರಿಯಿತು.

ಹುಡುಗ ಯಾರೂ ಇಲ್ಲ. ಹುಡುಗನನ್ನು ನೋಡಬೇಕೆಂದರೆ ಮೊದಲು ಎಚ್ಚರವಿರಬೇಕು. ನೀನೂ ಹೀಗೆ ಅಂದರೆ ನಾನು ಯಾರಿಗೆ ಬರೆಯಲಿ? ಎಣ್ಣೆ ಹಚ್ಚಿದೆ. ಒಣಗದ ಕೂದಲಿಗೆ ಎಣ್ಣೆ ಹಚ್ಚಿದರೆ ಹೇಗಿರುತ್ತದೆ ಎಂದು ನಾನು ಹೇಳಬೇಕಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕಡೆಗೆ ಸ್ನಾನ ಮಾಡುವವಳ ಕೂದಲು ಯಾವಾಗ ಒಣಗಬೇಕು?

ಮುಂದಿನ ತಿಂಗಳ ಕೊನೆಗೆ ಟೆಸ್ಟ್ ಇದೆ. ನನಗೆ ಸಾಕಾಗಿದೆ.

ಸಂಗೀತಾ

*

ಹಲವಾಗಲು
25 ಜುಲೈ 2024

ಸಂಗೀ,

ಸಿಟ್ಟು ಬಂದರೆ ನೀನು ಚೆನ್ನಾಗಿ ಬರೆಯುತ್ತೀ. ಬೇಸರದಲ್ಲಿ ಹೇಳದ್ದು ಸಿಟ್ಟಿನಲ್ಲಿ ಹೇಳಿದ್ದೀ.

ನಮ್ಮಪ್ಪ ಕುರಿ ಕಾಯುತ್ತಿದ್ದ. ಕುರಿ ತಪ್ಪಿಸಿಕೊಂಡರೆ ಉಳಿದವರು ಕೂಗುತ್ತಾ ಮುಂದಕ್ಕೆ ಓಡುತ್ತಿದ್ದರು. ಅವನು ಮಾತ್ರ ಹಿಂದಕ್ಕೆ ನಡೆಯುತ್ತಿದ್ದ, ಹಿಂಡು ಕಡೆಯ ಸಲ ನೀರು ಕುಡಿದ ಜಾಗದ ತನಕ. "ಕುರಿ ಮುಂದ ಸಿಗತೈತಿ ಖರೆ, ಹೆಜ್ಜಿ ಹಿಂದ ಇರತೈತಿ" ಎನ್ನುತ್ತಿದ್ದ. ನಾನು ಎಣ್ಣೆ, ಮೆಣಸಿನಕಾಯಿ ಎಂದು ಮುಂದಕ್ಕೆ ಓಡಿದೆ. ಈಗ ಹಿಂದಕ್ಕೆ ನಡೆದಿದ್ದೇನೆ.

ಬಟ್ಟೆ ಹರಿದದ್ದು ಮೊಳೆಗೆ. ಮೊಳೆ ಇರುವುದು ಕಡೆಯ ಬೆಂಚಿಗೆ. ಕಡೆಯ ಬೆಂಚು ತಡವಾದದ್ದಕ್ಕೆ. ಉಪ್ಪಿಟ್ಟು ಸಿಗದ್ದೂ ತಡವಾದದ್ದಕ್ಕೆ, ತಲೆನೋವು ಹಸಿ ಕೂದಲಿಗೆ, ಖಾಲಿ ಹೊಟ್ಟೆಗೆ. ಇದೆಲ್ಲ ಕಡೆಗೆ ಸ್ನಾನ ಮಾಡಿದ್ದಕ್ಕೆ. ಆದರೆ ಮೊದಲು ಏಳುವವಳೂ ನೀನೇ. ಐದಕ್ಕೆ ಎದ್ದ ಹುಡುಗಿ ಎಲ್ಲರ ಸ್ನಾನ ಮುಗಿಯುವ ತನಕ ಏನು ಮಾಡುತ್ತಿರುತ್ತಾಳೆ? ಯಾರದಾದರೂ ಬಕೆಟ್ ಬಿಡುವಾಗಲಿ ಎಂದು ಕಾಯುತ್ತಿರುತ್ತಾಳೆ.

ಜೂನಿನಲ್ಲಿ ನಾನೇ ನೀಲಿ ಬಕೆಟ್ ಕೊಟ್ಟು ಕಳಿಸಿದೆ. ಎಲ್ಲಿ ಅದು?

ಅಜ್ಜಿ

*

ಹರಪನಹಳ್ಳಿ
1 ಆಗಸ್ಟ್ 2024

ಅಜ್ಜಿ,

ಸೋಮವಾರದ ಡಬ್ಬಿಗೆ ಬರೀ ಒಂದು ಪೇರಲಹಣ್ಣು ಹಾಕಿದ್ದೆ, ಕಾಗದ ಹಾಕಲಿಲ್ಲ. ಬರೆಯಲು ನಾಚಿಕೆಯಾಗಿತ್ತು.

ಬಕೆಟ್ ಹಂಪಮ್ಮಕ್ಕನ ಹತ್ತಿರ ಇದೆ. ಎರಡನೇ ವರ್ಷದವಳು, ಕೂಡ್ಲಿಗಿ ಕಡೆಯ ಹಳ್ಳಿ. ನಾನು ಬಂದ ದಿನ ಅಪ್ಪ ಗೇಟಿನಲ್ಲೇ ಬಿಟ್ಟು ಹೋದಾಗ ನನ್ನ ಟ್ರಂಕನ್ನು ಮಹಡಿಗೆ ಹೊತ್ತವಳು ಅವಳು. ಸಂಜೆ ಬಟ್ಟೆ ನೆನೆಹಾಕಲು ಬಕೆಟ್ ಕೇಳಿದಳು. ನೀನು ತುಂಬಿ ಕೊಟ್ಟಿದ್ದ ಮಂಡಕ್ಕಿ ಅದರಲ್ಲಿ ಇನ್ನೂ ಅರ್ಧ ಇತ್ತು. "ಇದನ್ನೂ ನೀವೇ ತಿನ್ರಿ ಅಕ್ಕಾ" ಎಂದು ಅದರ ಸಮೇತ ಕೊಟ್ಟೆ. ಅಲ್ಲಿಂದ ವಾಪಸ್ ಬರಲೇ ಇಲ್ಲ.

ಈಗ ನನ್ನನ್ನು ಕಂಡರೆ ಮುಖ ತಿರುಗಿಸಿ ಹೋಗುತ್ತಾಳೆ. ಬಕೆಟ್ ಹೋದದ್ದಕ್ಕಿಂತ ಅದೇ ಹೆಚ್ಚು ಬೇಸರ. ತಮಾಷೆ ಏನೆಂದರೆ ಅವಳೂ ಅದನ್ನು ಬಳಸುವುದಿಲ್ಲ. ತೊಳೆದು ಮಂಚದ ಕೆಳಗೆ ಬೋರಲು ಹಾಕಿಟ್ಟಿದ್ದಾಳೆ. "ಸೊಕ್ಕು ಅಕಿಗೆ, ಹೋಗಿ ಕಸ್ಕೊಂಡು ಬಾ" ಎನ್ನುತ್ತಾಳೆ ಮುಸ್ಕಾನ್. ನನ್ನ ಟ್ರಂಕ್ ಹೊತ್ತವಳನ್ನು ಹೇಗೆ ಕೇಳಲಿ?

ಸಂಗೀತಾ

*

ಹಲವಾಗಲು
5 ಆಗಸ್ಟ್ 2024

ಸಂಗೀ,

ನಿನ್ನನ್ನು ಬೈಯಬೇಕೆಂದು ಕೂತವಳು ಮಂಡಕ್ಕಿಯ ಸಾಲಿಗೆ ಬಂದು ನಿಂತೆ.

ಲೇ, ನೀನು ಅವಳಿಗೆ ಬಕೆಟ್ ಕೊಡಲಿಲ್ಲ. ತಿನ್ನುವುದು ತುಂಬಿದ ಪಾತ್ರೆ ಕೊಟ್ಟೆ. ಅದನ್ನು ಅವಳು ಖಾಲಿ ಹೇಗೆ ಹಿಂದಿರುಗಿಸುತ್ತಾಳೆ? ನಮ್ಮ ಕಡೆಯ ಯಾವ ಮನೆಯ ಹೆಣ್ಣುಮಗಳು ಹಿಂದಿರುಗಿಸುತ್ತಾಳೆ? ಒಂದು ಹಿಡಿ ಅವಲಕ್ಕಿಯೋ, ಬೆಲ್ಲವೋ, ಊರಿನಿಂದ ಏನಾದರೂ ಬರಲಿ, ಹಾಕಿಕೊಡೋಣ ಎಂದು ಕಾಯುತ್ತಿದ್ದಾಳೆ. ಬಂದಿಲ್ಲ. ಅವಳಿಗೆ ಬುತ್ತಿ ಬರುವುದನ್ನು ನೀನು ಎಂದಾದರೂ ನೋಡಿದ್ದೀಯಾ? ದಿನ ಕಳೆದಷ್ಟೂ ನಾಚಿಕೆ ಬೆಳೆಯುತ್ತದೆ. ಮುಖ ತಿರುಗಿಸುವುದು ಸೊಕ್ಕಿಗಲ್ಲ. ಸೊಕ್ಕಿದ್ದವಳು ಬಕೆಟ್ ಬಳಸುತ್ತಿದ್ದಳು.

ಈಗ ನೀನು ಅವಳಿಗೆ ರೊಟ್ಟಿ ಗಿಟ್ಟಿ ಕೊಡಲು ಹೋಗಬೇಡ, ಭಾರದ ಮೇಲೆ ಭಾರವಾದೀತು. ಬಕೆಟ್ ಕೊಡು ಎಂದೂ ಕೇಳಬೇಡ. ಮುಂಜಾನೆ ಹೋಗಿ, "ಅಕ್ಕಾ, ನನಗೊಂದು ಬಕೆಟ್ ನೀರು ಹಿಡಿದು ಕೊಡ್ರಿ" ಎಂದು ಕೇಳು. ನೀರು ತುಂಬಿದ್ದು ಖಾಲಿ ಅಲ್ಲ. ಮದುಮಕ್ಕಳನ್ನೇ ತುಂಬಿದ ಕೊಡ ಎದುರು ಹಿಡಿದು ಒಳಗೆ ಕರೆಯುತ್ತೇವೆ, ಇನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಏನಂತೆ?

ಅಜ್ಜಿ

*

ಹರಪನಹಳ್ಳಿ
12 ಆಗಸ್ಟ್ 2024

ಅಜ್ಜಿ,

ಕೇಳಿದೆ. ಹಂಪಮ್ಮಕ್ಕ ಮಂಚದ ಮೇಲೆ ಕೂತವಳು ನನ್ನನ್ನೇ ನೋಡಿದಳು. "ಬರೇ ನೀರ?" ಎಂದಳು. "ಹ್ಞೂಂ ಅಕ್ಕಾ, ನೀರು ಸಾಕು" ಎಂದೆ. ಅಂಚಿನ ತನಕ ತುಂಬಿಕೊಂಡು ಬಂದಳು. ಮೆಟ್ಟಿಲ ಮೇಲೆಲ್ಲ ಚೆಲ್ಲಿತು.

"ನಮ್ಮವ್ವ ಅಪ್ಪ ಕುರಿ ಹಿಂದ ಹೋಗ್ಯಾರ. ಬಂದ್ರ ಏನರ ತರ್ತಾರ, ಹಾಕಿ ಕೊಡಾಣ ಅಂತ ಕಾದ್ನೆವ್ವಾ. ನೀನೂ ಕೇಳವಲ್ಲಿ, ಅವರೂ ಬರವಲ್ರು," ಎಂದಳು. ಆಮೇಲೆ, "ಮಂಡಕ್ಕಿಗೆ ಉಪ್ಪು ಜಾಸ್ತಿ ಆಗಿತ್ತು, ನಿಮ್ಮಜ್ಜಿಗೆ ಹೇಳು" ಎಂದಳು.

ಅಂದಿನಿಂದ ಐದೂವರೆಗೆ ಸ್ನಾನ. ಉಪ್ಪಿಟ್ಟು ಬಿಸಿ ಇರುತ್ತದೆ, ಆದರೆ ಬಿಸಿ ಇದ್ದರೂ ಅದು ಉಪ್ಪಿಟ್ಟೇ. ಎರಡನೇ ಬೆಂಚು ಸಿಕ್ಕಿದೆ. ತಲೆನೋವು ಕಡಿಮೆ. ಫಿಸಿಕ್ಸಿನಲ್ಲಿ ಮಾತ್ರ ನಿದ್ದೆ ಹಾಗೇ ಇದೆ, ಅದಕ್ಕೆ ಬಕೆಟ್ ಕಾರಣವಲ್ಲ.

ಸಂಗೀತಾ

*

ಹರಪನಹಳ್ಳಿ
22 ಆಗಸ್ಟ್ 2024

ಅಜ್ಜಿ,

ಕಳೆದ ಗುರುವಾರದ ಡಬ್ಬಿಯಲ್ಲಿ ನಿನ್ನ ಕಾಗದ ಇರಲಿಲ್ಲ. ಸೋಮವಾರವೂ ಇಲ್ಲ, ಇವತ್ತೂ ಇಲ್ಲ. ಡಬ್ಬಿಗೆ ಕಟ್ಟಿದ ಬಟ್ಟೆಯ ಗಂಟು ನಿನ್ನದಲ್ಲ, ಅವ್ವನದು. ನೀನು ಕಟ್ಟಿದರೆ ಹಲ್ಲಿನಿಂದ ಬಿಚ್ಚಬೇಕು.

ಉಪ್ಪಿನ ಮಾತಿಗೆ ಸಿಟ್ಟಾದೆಯಾ? ಅಥವಾ ನನ್ನ ಗೋಳು ಕೇಳಿ ಕೇಳಿ ಸಾಕಾಯಿತಾ?

ಮಳೆ ಹಿಡಿದಿದೆ. ಬಟ್ಟೆ ಒಣಗುವುದಿಲ್ಲ, ಹಗ್ಗದ ಮೇಲೆ ಜಾಗಕ್ಕೆ ಜಗಳ. ನೆಗಡಿ ಬಂದು ಮೂಗು ಕಟ್ಟಿದೆ. ಚಪ್ಪಲಿಯ ಉಂಗುಷ್ಟ ಕಿತ್ತು, ಪಿನ್ನು ಹಾಕಿಕೊಂಡು ನಡೆಯುತ್ತಿದ್ದೇನೆ. ಸೋಮವಾರ ಟೆಸ್ಟ್, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಇದಕ್ಕೆಲ್ಲ ಹಿಂದಕ್ಕೆ ನಡೆದು ಹೆಜ್ಜೆ ನೋಡುವ ಶಕ್ತಿ ನನಗಿಲ್ಲ. ಮನೆಗೆ ಬಂದುಬಿಡಲೇ? ಒಂದು ಸಲ ಬಾ ಎನ್ನು ಸಾಕು.

ಸಂಗೀತಾ

*

ಹಲವಾಗಲು
29 ಆಗಸ್ಟ್ 2024

ಸಂಗೀ

ಕೆಲಸ ಬಹಳ. ಬರೆಯಲು ಆಗಲಿಲ್ಲ.
ಸಿಟ್ಟಿಲ್ಲ.
ಬರಬೇಡ. ನಿಮ್ಮಪ್ಪ ಬಂದು ಕರೆದರೂ ಬರಬೇಡ.

ಅಜ್ಜಿ

*

ಹರಪನಹಳ್ಳಿ
2 ಸೆಪ್ಟೆಂಬರ್ 2024

ಅಜ್ಜಿ,

ನಿನ್ನ ಚೀಟಿಯನ್ನು ಸಿಟ್ಟಿನಿಂದ ಮಡಚಿ ಪುಸ್ತಕದಲ್ಲಿಟ್ಟೆ. ಅಕ್ಷರಗಳು ಯಾಕೆ ಒಂದರ ಮೇಲೊಂದು ಬಿದ್ದಿವೆ ಎಂದು ನೋಡಲೂ ಇಲ್ಲ. ನನ್ನ ಮೇಲಿನ ಬೇಸರಕ್ಕೆ ಗೀಚಿದ್ದೀ ಎಂದುಕೊಂಡೆ.

ನಿನ್ನೆ ಅಪ್ಪ ಬಂದಿದ್ದ. ಗೇಟಿನ ಹತ್ತಿರ ಎಲ್ಲ ಹೇಳಿದ. ನೀನು ಬಚ್ಚಲಲ್ಲಿ ಜಾರಿ ಬಿದ್ದದ್ದು, ಬಲಗೈಗೆ ಪಟ್ಟಿ ಹಾಕಿದ್ದು, ಹಂಗಾಮಿನಲ್ಲಿ ಅವ್ವ ಹೊಲಕ್ಕೂ ನಿನಗೂ ಓಡಾಡಿ ಸೊರಗಿದ್ದು. ಡಬ್ಬಿ ತರಲು ಸ್ಟ್ಯಾಂಡಿಗೆ ಹೋಗುತ್ತಿದ್ದವನು ಅಪ್ಪ. ನನ್ನ ಕಾಗದ ಅವನ ಜೇಬಿನಲ್ಲಿತ್ತು. ತೆಗೆದು ತೋರಿಸಿದ. "ನೀನ ಬರ್ದೀಯಲ್ಲ, ಬಂದುಬಿಡಲೇ ಅಂತ. ನಾನೇನು ಜುಲುಮಿ ಮಾಡಾಕತ್ತಿಲ್ಲ. ಅಜ್ಜಿಗೂ ಒಂದು ಕೈ ಆಗತೈತಿ, ನಿನಗೂ ಕಷ್ಟ ತಪ್ಪತೈತಿ," ಎಂದ. ಗಣೇಶನ ಹಬ್ಬಕ್ಕೆ ಟ್ರಂಕ್ ಸಮೇತ ಬರಬೇಕಂತೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿದಿದ್ದ. ಆಗಲಿ ಎಂದೆ. ಬರೆದದ್ದು ನನ್ನ ಕೈಯೇ.

ನೀನು ಎಡಗೈಯಲ್ಲಿ "ಸಿಟ್ಟಿಲ್ಲ" ಎಂದು ಬರೆದ ಚೀಟಿಯನ್ನು ಮತ್ತೆ ತೆಗೆದು ಮಡಿಕೆ ಬಿಡಿಸಿದೆ. ಬರುತ್ತೇನೆ. ನಿನ್ನ ತಲೆ ಬಾಚುತ್ತೇನೆ. ಇಲ್ಲಿ ನನಗೆ ಅಂಥದ್ದೇನೂ ಇಲ್ಲ.

ಸಂಗೀತಾ

*

ಹಲವಾಗಲು
5 ಸೆಪ್ಟೆಂಬರ್ 2024

ಸಂಗೀ,

ಈ ಕಾಗದವನ್ನು ಸೋಮವಾರ ರಾತ್ರಿ ಸುರು ಮಾಡಿದ್ದು. ಎಡಗೈ ಎಂಬ ಎತ್ತು ಹೊಸದು, ಗೆರೆ ಬಿಟ್ಟು ಹೋಗುತ್ತದೆ. ನಿನ್ನ ಕಾಗದವನ್ನು ನಿಮ್ಮಪ್ಪ ನನ್ನ ಕೈಗೇ ತಂದುಕೊಟ್ಟ. ಈ ಸಲ ಬಿಚ್ಚಿ ಓದಿರಲಿಲ್ಲ.

ಬಿದ್ದದ್ದನ್ನು ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಆ ದಿನವೇ ಬಸ್ ಹತ್ತುತ್ತಿದ್ದೆ. ನಿನ್ನ ಬೇಸರ ಬೇರೆ, ನನ್ನ ಕೈ ಬೇರೆ. ಎರಡನ್ನೂ ಒಂದೇ ಟ್ರಂಕಿಗೆ ತುಂಬಿಕೊಂಡು ಬಂದರೆ, ನಾಳೆ ನನ್ನ ಕೈ ಕೂಡಿದ ಮೇಲೆ ನೀನು ಕಾಲೇಜು ಬಿಟ್ಟ ಬೇಸರ ಯಾರ ತಲೆಗೆ? ನನ್ನ ತಲೆಗೇ. ನನಗೆ ಬೇಡ.

ನಿಮ್ಮಪ್ಪನಿಗೆ ಹೇಳಿದ್ದೇನೆ. "ಅಕಿ ಟ್ರಂಕು ಈ ಹೊಸ್ತಿಲು ದಾಟಿದ ದಿನ ನಾನು ತೆಲಿಗಿಗೆ ಮಗಳ ಮನಿಗೆ ಹೊಂಟೆ. ಸುಮ್ಮನ ಹೋಗಂಗಿಲ್ಲ. ಯಾಕ ಹೊಂಟೀನಿ ಅಂತ ಬಸ್ಸಿನ ತುಂಬ ಹೇಳ್ಕೋತ ಹೋಗ್ತೀನಿ" ಎಂದೆ. "ನಿನ್ನ ಸಲುವಾಗೇ ಅಲ್ಲೇನವ್ವಾ ನಾ ಹೇಳಿದ್ದು?" ಎಂದ. ನನ್ನ ಸಲುವಾಗಿ ಎಂದದ್ದಕ್ಕೇ ನನಗೆ ಬೇಡವಾಗಿದ್ದು. ಅವನಿಗೆ ಅದು ತಿಳಿಯಲು ಒಂದು ಹೊತ್ತಿನ ಊಟ ಹಿಡಿಯಿತು. ಕೈ ತೊಳೆದ ಮೇಲೆ, "ಆತು, ಹಬ್ಬ ಮುಗಿಸ್ಕೊಂಡು ಹೋಗ್ಲಿ" ಎಂದ.

ಗಾದೆಮ್ಮ ಮಧ್ಯಾಹ್ನ ಬಂದು ಕೂರುತ್ತಾಳೆ. ನಿಮ್ಮವ್ವ ತಲೆ ಬಾಚುತ್ತಾಳೆ, ಎಳೆದು ಎಳೆದು ಬಾಚುತ್ತಾಳೆ. ಅತ್ತೆತನಕ್ಕೆ ಸೇಡು ತೀರಲಿ ಬಿಡು.

ಹಬ್ಬಕ್ಕೆ ಬಾ. ಬರೀ ಕೈಚೀಲ ಹಿಡಿದು ಬಾ.

ಅಜ್ಜಿ

*

ಹರಪನಹಳ್ಳಿ
16 ಸೆಪ್ಟೆಂಬರ್ 2024

ಅಜ್ಜಿ,

ಸುಖವಾಗಿ ಬಂದು ತಲುಪಿದೆ. ಇಲ್ಲಿ ಎಲ್ಲ ಚೆನ್ನಾಗಿದೆ. ನೀನು ಕೈ ನೋಡಿಕೊ.

ಸಂಗೀತಾ

*

ಹರಪನಹಳ್ಳಿ
30 ಸೆಪ್ಟೆಂಬರ್ 2024

ಅಜ್ಜಿ,

ಎಲ್ಲ ಆರಾಮ. ಯಾವ ತೊಂದರೆಯೂ ಇಲ್ಲ. ಚಿಂತೆ ಮಾಡಬೇಡ.

ಸಂಗೀತಾ

*

ಹಲವಾಗಲು
21 ಅಕ್ಟೋಬರ್ 2024

ಸಂಗೀ,

ಗುರುವಾರ ಡಬ್ಬಿ ಖಾಲಿ ಬಂತು. ಮುಚ್ಚಳ ತೆಗೆದು ನಿಮ್ಮವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಅವಸರದಾಗ ಮರ್ತಿರಬೇಕ್ರಿ ಅತ್ತಿ" ಎಂದಳು. ಮರೆತದ್ದಲ್ಲ. ಎಲ್ಲ ಚೆನ್ನಾಗಿದೆ, ಎಲ್ಲ ಆರಾಮ, ಆಮೇಲೆ ಏನೂ ಇಲ್ಲ. ಈ ಹೆಜ್ಜೆ ನನಗೆ ಗುರುತು ಸಿಗುತ್ತದೆ. "ಕೆಲಸ ಬಹಳ, ಸಿಟ್ಟಿಲ್ಲ" ಎಂದು ನಾನು ಬರೆದೆನಲ್ಲ, ಅದರ ಮರಿ ಇದು.

ಗೋಳು ಬರೆದರೆ ಕರೆದುಕೊಂಡು ಬರುತ್ತಾರೆ ಎಂದು ಹೆದರಿದ್ದೀ. ಅಂದರೆ ಅಲ್ಲೇ ಇರಬೇಕೆಂದು ನಿನಗೆ ಮನಸ್ಸಾಗಿದೆ. ಅದನ್ನು ನೀನು ಬರೆಯಲಿಲ್ಲ, ಖಾಲಿ ಡಬ್ಬಿ ಹೇಳಿತು. ಖುಷಿಪಟ್ಟೆ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಕೇಳು. ಪಟ್ಟಿ ಬಿಚ್ಚಿದ್ದಾರೆ. ಬೆರಳು ಪೂರ್ತಿ ಮಡಚುವುದಿಲ್ಲ. ರೊಟ್ಟಿ ಬಡಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಈ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಸೆರಗು ಸಿಕ್ಕಿಸಲು ಇನ್ನೊಬ್ಬರನ್ನು ಕರೆಯಬೇಕು. ಗಾದೆಮ್ಮ ಬಂದರೆ ಹೋಗುವುದಿಲ್ಲ, ಹೇಳಿದ್ದನ್ನೇ ಹೇಳುತ್ತಾಳೆ. ಸಂಜೆಯ ಹೊತ್ತಿಗೆ ಎಲ್ಲರ ಮೇಲೂ ಬೇಸರ, ಯಾರ ತಪ್ಪೂ ಅಲ್ಲ. ಇವು ನನ್ನ ತಕರಾರುಗಳು. ಇದಕ್ಕೆ ನೀನು ಬಂದು ಏನೂ ಮಾಡಬೇಕಾಗಿಲ್ಲ. ಓದಿದರೆ ಸಾಕು. ಈಗ ನಿನಗೆ ಕೊಟ್ಟೆ, ಅಷ್ಟು ಹಗುರಾದೆ.

ನಿಮ್ಮಪ್ಪ ಈಗ ಡಬ್ಬಿಯನ್ನು ಮುಚ್ಚಳ ಮುಟ್ಟದೆ ತಂದು ನನ್ನ ಮಂಚದ ಮೇಲಿಡುತ್ತಾನೆ. ಆಮೇಲೆ ಹೋಗದೆ ಅಲ್ಲೇ ಕಂಬಕ್ಕೆ ಒರಗಿ ನಿಂತು, "ಏನ್ ಬರ್ದಾಳ?" ಎನ್ನುತ್ತಾನೆ. ಎಲ್ಲ ಆರಾಮ ಎಂದು ಓದಿದಾಗ ಹ್ಞೂಂ ಎಂದು ಹೊರಟು ಹೋದ. ನಿನ್ನೆ ನಿನ್ನ ಹಳೆಯ ಕಾಗದ ತೆಗೆದು, ಫಿಸಿಕ್ಸಿನಲ್ಲಿ ನಿದ್ದೆ ಬರುತ್ತದೆ ಎಂಬ ಸಾಲು ಓದಿದೆ. ನಕ್ಕ. "ನನಗೂ ಲೆಕ್ಕದ ಮಾಸ್ತರ್ ಬಂದ್ರ ಬರ್ತಿತ್ತು. ಸಾಲಿ ಬಿಟ್ಟು ಬಂದದ್ದು ಅದಕ್ಕ" ಎಂದ. ಆಮೇಲೆ, "ಅಕಿ ಮಾತ್ರ ಬರಬಾರದು" ಎಂದ. ಕಾವಿಗೆ ಕೂತ ಕೋಳಿ ಎದ್ದಿದೆ. ಇನ್ನು ನೀನು ಹೆದರಬೇಕಿಲ್ಲ.

ಹಂಪಮ್ಮನಿಗೆ ಹೇಳು, ಈ ಸಲದ ಮಂಡಕ್ಕಿಗೆ ಉಪ್ಪು ಹಾಕಿದವಳು ನಿಮ್ಮವ್ವ, ಬೈಯುವುದಿದ್ದರೆ ಅವಳನ್ನು ಬೈಯಲಿ. ಸಂಜೆ ಡಬ್ಬಿ ಖಲಂದರನ ಕೈಗೆ ಕೊಡುವಾಗ ಬೆಲ್ಲ ಇಲ್ಲ, ಹಣ್ಣು ಇಲ್ಲ ಎಂದು ಕೂರಬೇಡ. ಇಷ್ಟು ದೂರದ ಬಸ್ಸಿಗೆ ನೀರು ತುಂಬಿ ಕಳಿಸಲಿಕ್ಕೂ ಆಗುವುದಿಲ್ಲ. ಒಂದು ತಕರಾರಾದರೂ ಹಾಕಿ ಕಳಿಸು.

ಅಜ್ಜಿ